ಕನ್ನಡಕ ತೊಟ್ಟ ರೋಬೋ ಹುಡುಗಿ

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಮೈಸೂರಿನ ಅಕ್ಕನ ಮನೆಗೆ ಹೋಗಿದ್ದಾಗ ಅವಳ ಮಕ್ಕಳ ಜೊತೆ ಕುಳಿತು ‘ಡಾಕ್ಟರ್ ಸ್ಲಂಪ್’ ಎಂಬ ಹಳೆಯ ಜಪಾನೀ ಅನಿಮೆ (ಕಾರ್ಟೂನ್) ಸರಣಿಯ ಕೆಲವು ಕಂತುಗಳನ್ನು ನೋಡಿದೆ. ರೋಬೋ ಹುಡುಗಿಯ ಕಥೆಯೆಂದ ಮೇಲೆ ಅವಳು ಮನುಷ್ಯಳಾಗಲು ಹಂಬಲಿಸಿಯಾಳೆಂದು ಕಾದೆ, ಅಂಥದ್ದೇನೂ ನಡೆಯಲಿಲ್ಲ. ಯಂತ್ರಕ್ಕೆ ಕನ್ನಡಕ ಬೇರೆ! ಸಾಲದ್ದಕ್ಕೆ, ದಾರಿಯಲ್ಲಿ ಬಿದ್ದ ಹೇಲನ್ನು ಕಡ್ಡಿಯಿಂದ ಚುಚ್ಚುತ್ತಾಳೆ. ಇದರಲ್ಲಿ ಮೆಚ್ಚುವಂಥದ್ದೇನಿದೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ನೀವು ಕಾದದ್ದು ಸಹಜವೇ. 1963ರಲ್ಲಿ ಜಪಾನಿನ ಟೀವಿಗೆ ಬಂದ ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ನಲ್ಲಿ, ಮಗನನ್ನು ಕಳೆದುಕೊಂಡ ವಿಜ್ಞಾನಿಯೊಬ್ಬ ಅವನದೇ ರೂಪದ ರೋಬೋವನ್ನು ಕಟ್ಟಿ, ಅದು ಮಗನಂತೆ ಬೆಳೆಯುವುದಿಲ್ಲವೆಂದು ತಿಳಿದಾಗ ಕೈಬಿಡುತ್ತಾನೆ. ಯಂತ್ರಶಿಶುವೆಂದರೆ ಅನಾಥ ಎಂಬ ಭಾವ ನಮ್ಮಲ್ಲಿ ಬೇರೂರಲು ಅಂಥ ಕಥೆಗಳು ಕಾರಣ. ಅಕಿರಾ ತೊರಿಯಾಮಾ 1980ರಲ್ಲಿ ವಾರಪತ್ರಿಕೆಯೊಂದರಲ್ಲಿ ಚಿತ್ರಕಥೆಯಾಗಿ ಆರಂಭಿಸಿದ, 1981ರಿಂದ 1986ರವರೆಗೆ 243 ಕಂತುಗಳ ಅನಿಮೆಯಾಗಿ ನಡೆದ ‘ಡಾಕ್ಟರ್ ಸ್ಲಂಪ್’ನ ರೋಬೋ ಹುಡುಗಿ ಅರಾಲೆಗೆ ಆ ದುಃಖವೇ ಇಲ್ಲ. ತಾನು ರೋಬೋ ಎಂಬುದು ಅವಳಿಗೆ ಗೊತ್ತು. ಬೇಕೆಂದಾಗ ತಲೆಯನ್ನು ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ, ಅಷ್ಟೆ.

ಕನ್ನಡಕದ ವಿಷಯವೇ ನನಗೆ ಹೆಚ್ಚು ಇಷ್ಟ. ಯಾವ ಕುಂದೂ ಇಲ್ಲದ ಹುಡುಗಿಯೊಬ್ಬಳನ್ನು ತಯಾರಿಸಹೊರಟ ಸೆಂಬೆ ನೊರಿಮಾಕಿ ಎಂಬ ಹಳ್ಳಿಯ ವಿಜ್ಞಾನಿ ಅವಳ ಕಣ್ಣಿನಲ್ಲೇ ಎಡವುತ್ತಾನೆ, ಹುಟ್ಟುವಾಗಲೇ ಸಮೀಪದೃಷ್ಟಿ. ಬಿಚ್ಚಿ ಸರಿಪಡಿಸುವ ಬದಲು ಅವನು ಕನ್ನಡಕ ಕೊಡಿಸಿ, ತಂಗಿಯೆಂದು ಊರಿಗೆ ಪರಿಚಯಿಸಿ, ಶಾಲೆಗೆ ಕಳುಹಿಸುತ್ತಾನೆ. ಬಲಕ್ಕೆ ಮಾತ್ರ ಅಳತೆಯಿಲ್ಲ: ಗುದ್ದಿದರೆ ಭೂಮಿಯೇ ಎರಡು ಹೋಳಾಗುತ್ತದೆ, ಪೊಲೀಸರ ಕಾರು ಪದೇ ಪದೇ ಪುಡಿಯಾಗುತ್ತದೆ. ಆದರೂ ಪೆಂಗ್ವಿನ್ ಹಳ್ಳಿಯಲ್ಲಿ ಯಾರೂ ಅವಳಿಗೆ ಹೆದರುವುದಿಲ್ಲ. ಹಾಗಿರುವಾಗ ಅವಳು ಮನುಷ್ಯಳಾಗಬೇಕೆಂದು ಏಕೆ ಹಂಬಲಿಸಬೇಕು?

ಹೆಸರುಗಳ ಹಾಸ್ಯ ನಿಮಗೆ ತಲುಪಿರಲಾರದು. ಸೆಂಬೆ, ಅರಾರೆ (ಅರಾಲೆಯ ಹೆಸರು ಬಂದದ್ದು ಇದರಿಂದಲೇ) ಎರಡೂ ಜಪಾನಿನಲ್ಲಿ ಅಕ್ಕಿಯಿಂದ ಮಾಡುವ ಕುರುಕಲು ತಿಂಡಿಗಳು. ನಿಪ್ಪಟ್ಟಪ್ಪನೆಂಬ ವಿಜ್ಞಾನಿ ತನ್ನ ಯಂತ್ರದ ತಂಗಿಗೆ ಕೋಡುಬಳೆಯೆಂದು ಹೆಸರಿಟ್ಟಂತೆ ಎಂದುಕೊಳ್ಳಿ.

ಇನ್ನು ಆ ಕಡ್ಡಿಯ ವಿಷಯ. ಅರಾಲೆಗೆ ಹಾವು, ಕಲ್ಲು, ಹೇಲು ಎಲ್ಲವೂ ಒಂದೇ ಬಗೆಯ ಬೆರಗು, ಏಕೆಂದರೆ ಅಸಹ್ಯವೆಂಬುದನ್ನು ಅವಳಿಗೆ ಯಾರೂ ಕಲಿಸಿಲ್ಲ. ಸಗಣಿ ಬಾಚಿ ಬೆರಣಿ ತಟ್ಟುವುದನ್ನು ನೋಡುತ್ತ ಬೆಳೆದ ಮಂಡ್ಯದವರು ಇದಕ್ಕೆ ಮೂಗು ಮುರಿದರೆ ನನಗೆ ಸ್ವಲ್ಪ ಆಶ್ಚರ್ಯವೇ.

ನನ್ನ ಆಕ್ಷೇಪ ಬೇರೆ ಕಡೆಗಿದೆ. ಹೆಂಗಸರ ಬಗ್ಗೆ ಸೆಂಬೆಯ ಚಪಲವನ್ನೇ ನಗೆಗೆ ಬಳಸಿಕೊಂಡ ದೃಶ್ಯಗಳು ಇಂದು ಮುಜುಗರ ತರುತ್ತವೆ. ಮಕ್ಕಳ ಜೊತೆ ದೊಡ್ಡವರೊಬ್ಬರು ಕೂರುವುದು ಒಳ್ಳೆಯದು. ಒಂದೇ ಸಮನೆ ನೋಡಿದರೆ ಗದ್ದಲವೂ ಅತಿಯಾಗುತ್ತದೆ. ದಿನಕ್ಕೊಂದು ಕಂತು ಸಾಕು.