ಬಿಪಿ ಇರುವ ಅಪ್ಪನಿಗೆ ಟ್ರೊಪೋನಿನ್ 19 ಬಂದಿದೆ, ಹಾರ್ಟ್ ಅಟ್ಯಾಕ್ ಆಗಿದೆಯಾ?

ಈ ಒಂದು ನಂಬರ್ ಇಟ್ಟುಕೊಂಡು ಹಾಗೆ ಹೇಳೋಕಾಗಲ್ಲ. ಎದೆನೋವಿಲ್ಲ, ಏದುಸಿರಿಲ್ಲ, ಚೆಕಪ್ ಪ್ಯಾಕೇಜ್‌ನಲ್ಲಿ ಇತ್ತು ಅಂತ ಮಾಡಿಸಿದ್ದು, 14ರ ಒಳಗಿರಬೇಕಾದ ಟ್ರೊಪೋನಿನ್ ಟಿ 19 ಬಂತು ಅಂದಿದ್ದೀರಿ. ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವನು, ಡಾಕ್ಟರ್ ಅಲ್ಲ. ನಂಬರ್ ಪಕ್ಕ ದಪ್ಪಕ್ಷರದಲ್ಲಿ ಎಚ್ (ಹೈ, ಅಂದರೆ ಜಾಸ್ತಿ) ಅಂತ ಪ್ರಿಂಟ್ ಆದರೆ ಸಾಕು, ಕೌಂಟರ್ ಮುಂದೆಯೇ ಜನ ಬೆವರೋಕೆ ಶುರು ಮಾಡುತ್ತಾರೆ.

ಟ್ರೊಪೋನಿನ್ ಹೃದಯದ ಮಾಂಸಖಂಡದೊಳಗಿನ ಪ್ರೋಟೀನ್. ಅಲ್ಲಿ ಪೆಟ್ಟು ಬಿದ್ದರೆ ರಕ್ತಕ್ಕೆ ಸೋರುತ್ತದೆ. ಅಟ್ಯಾಕ್ ಆದಾಗ ಅದು ಗಂಟೆಗಳಲ್ಲೇ ಏರುತ್ತದೆ, ಅದಕ್ಕೇ ಎಮರ್ಜೆನ್ಸಿಯಿಂದ ಒಂದು ಟ್ಯೂಬ್ ಬಂದರೆ, ಒಂದರಿಂದ ಮೂರು ಗಂಟೆಯೊಳಗೆ ಅದೇ ಪೇಷೆಂಟ್‌ದು ಇನ್ನೊಂದು ಬರುತ್ತದೆ. 19 ಇದ್ದದ್ದು 20 ಆದರೆ ಒಂದು ಲೆಕ್ಕ, 90 ಆದರೆ ಬೇರೆಯೇ ಲೆಕ್ಕ.

ಹಾಗಂತ 19 ಏನೂ ಅಲ್ಲ ಅಂತಲೂ ಅಲ್ಲ. ವರ್ಷಗಟ್ಟಲೆ ಬಿಪಿ ಜಾಸ್ತಿ ಇದ್ದರೆ ಹೃದಯದ ಎಡಗಡೆಯ ಕೆಳಕೋಣೆ ಆ ಒತ್ತಡಕ್ಕೆ ಎದುರಾಗಿ ರಕ್ತ ತಳ್ಳಿ ತಳ್ಳಿ ಗೋಡೆ ದಪ್ಪವಾಗುತ್ತದೆ, ದಪ್ಪವಾದ ಗೋಡೆಗೆ ಸಾಕಷ್ಟು ರಕ್ತ ಸಿಗದೆ ಟ್ರೊಪೋನಿನ್ ಸ್ವಲ್ಪ ಸ್ವಲ್ಪವೇ ಸೋರುತ್ತಾ ಇರುತ್ತದೆ. ಕಿಡ್ನಿ ಸೊರಗಿದ್ದರೂ ಇದು ಏರುತ್ತದೆ. ವಯಸ್ಸಾದವರಲ್ಲೂ ಅಷ್ಟೇ.

ನನ್ನ ಕೇಳಿದರೆ, ಬಿಪಿ ಇರುವವರು ಸುಮ್ನೆ ಟ್ರೊಪೋನಿನ್ ಮಾಡಿಸುವುದಕ್ಕಿಂತ ಮೊದಲು ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ನೋಡಿಸುವುದು ಒಳ್ಳೆಯದು. ಗೋಡೆ ಎಷ್ಟು ದಪ್ಪ ಅಂತ ಎಕೋದಲ್ಲಿ ಕಣ್ಣಿಗೇ ಕಾಣುತ್ತದೆ ಅಲ್ವಾ. ರಕ್ತದಲ್ಲೇ ನೋಡಬೇಕು ಅಂದರೆ ಎನ್‌ಟಿ-ಪ್ರೊಬಿಎನ್‌ಪಿ ಅನ್ನೋ ಟೆಸ್ಟ್ ಇದೆ. ಹೃದಯದ ಗೋಡೆ ಹಿಗ್ಗಿದಾಗ ಅದು ಜಾಸ್ತಿಯಾಗುತ್ತದೆ. ಓಪಿಡಿಗೆ ಬರುವವರಲ್ಲಿ 125ಕ್ಕಿಂತ ಕಡಿಮೆ ಇದ್ದರೆ ಹಾರ್ಟ್ ಫೇಲ್ಯೂರ್ (ಹೃದಯ ಸರಿಯಾಗಿ ರಕ್ತ ಪಂಪ್ ಮಾಡಲಾಗದ ಸ್ಥಿತಿ) ಸಾಧ್ಯತೆ ಕಡಿಮೆ. ಆದರೆ ಬೊಜ್ಜು ಇರುವವರಲ್ಲಿ ಇದು ಕಡಿಮೆಯೇ ತೋರಿಸಬಹುದು.

ಈಗ 19ರ ರಿಪೋರ್ಟ್ ಮತ್ತು ಮನೆಯಲ್ಲಿ ನೋಡಿದ ಬಿಪಿ ಬರೆದಿಟ್ಟ ಚೀಟಿ ಹಿಡಿದು ಈ ವಾರವೇ ಡಾಕ್ಟರ್‌ಗೆ ತೋರಿಸಿ. ಬಿಪಿ ಮಾತ್ರೆ ನಿಮ್ಮಷ್ಟಕ್ಕೆ ಜಾಸ್ತಿ ಮಾಡಬೇಡಿ. ಅಷ್ಟರೊಳಗೆ ಎದೆ ಹಿಡಿದುಕೊಂಡರೆ, ಸುಮ್ಮನೆ ಬೆವರಿದರೆ, ಮತ್ತೆ ಲ್ಯಾಬಿಗೆ ಬರಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಡಾಕ್ಟರ್ ಟೆಸ್ಟ್ ಮತ್ತೆ ಮಾಡಿಸಿ ಅಂದರೆ ಅದೇ ಲ್ಯಾಬ್‌ನಲ್ಲೇ ಮಾಡಿಸಿ. ಟ್ರೊಪೋನಿನ್‌ನಲ್ಲಿ ಟಿ, ಐ ಅಂತ ಎರಡು ಬಗೆಯ ಟೆಸ್ಟ್ ಇವೆ, ಎರಡರ ನಂಬರ್ ತಾಳೆ ಹಾಕೋಕಾಗಲ್ಲ. ಅಪ್ಪ ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ದರೆ ಅದನ್ನೂ ಹೇಳಿ, ಜಾಸ್ತಿ ಡೋಸ್ ಇದ್ದರೆ ಕೆಲವು ಮೆಷಿನ್‌ಗಳಲ್ಲಿ ಟ್ರೊಪೋನಿನ್ ಇರುವುದಕ್ಕಿಂತ ಕಡಿಮೆ ಬರುತ್ತದೆ.