ಗುಲಾಮರಾಗಿದ್ದವರು ಬರದಿದ್ದನ್ನ ನಂಬಬಹುದೇನ್ರಿ?

ಪ್ರಶ್ನೆ: ಅಮೆರಿಕಾದ ಗುಲಾಮಗಿರಿ ಪಾಠಕ್ಕ ಗುಲಾಮರಾಗಿದ್ದವರ ಆತ್ಮಕಥಿನೂ ಹುಡುಗರಿಗೆ ಓದಸ್ಬೇಕು ಅಂತ ನನ್ನ ಆಸೆ. ಸ್ಟಾಫ್‌ರೂಮಿನ್ಯಾಗ ಒಬ್ರು, ಅವೆಲ್ಲ ಪ್ರಚಾರಕ್ಕ ಬರಸಿದ್ದು, ಇತಿಹಾಸ ಅಲ್ಲ ಅಂತಾರ. ಏನ್ ಹೇಳ್ಲಿ?
– ಇತಿಹಾಸ ಉಪನ್ಯಾಸಕಿ, ಜಮಖಂಡಿ

ಉತ್ತರ: ಓದಸ್ರಿ ಮೇಡಂ, ಧೈರ್ಯಲೇ ಓದಸ್ರಿ. ಗುಲಾಮಗಿರಿ ತಗೀಬೇಕು ಅನ್ನೂ ಚಳವಳಿಗೆ ಬರದಿದ್ದು ಖರೇನ, ಅದನ್ನ ಹುಡುಗರಿಗೂ ಹೇಳ್ರಿ, ಆದ್ರ ಒಂದು ಉದ್ದೇಶ ಇಟ್ಕೊಂಡು ಬರದಿದ್ದಕ್ಕ ಅದು ಸುಳ್ಳು ಆಗೂದಿಲ್ಲ. ಫ್ರೆಡರಿಕ್ ಡಗ್ಲಸ್ 1845ರಾಗ ಮೊದಲ ಆತ್ಮಕಥಿ ಅಚ್ಚು ಹಾಕಿಸಿದಾಗ ಕಾನೂನಿನ ಲೆಕ್ಕಕ್ಕ ಅವರು ಇನ್ನೂ ಓಡಿಬಂದ ಗುಲಾಮ, ಆದ್ರೂ ಮಾಲಕರ ಹೆಸರು ಊರಿನ ಹೆಸರು ಎಲ್ಲಾ ಬರದಾರ, ಹಿಡದು ವಾಪಸ್ ಒಯ್ತಾರ ಅನ್ನೂ ಅಂಜಿಕಿಗೆ ಬ್ರಿಟನ್ನಿಗೆ ಹೋಗಬೇಕಾತು, ಅಲ್ಲಿ ಮಂದಿ ರೊಕ್ಕ ಕೂಡಿಸಿ ಮಾಲಕಗ ಕೊಟ್ಟು 1846ರಾಗ ಅವರನ್ನ ಗುಲಾಮಗಿರಿಯಿಂದ ಬಿಡಿಸಿದ್ರು. ಆ ಮೊದಲ ಅವರ ಊರ ಕಡೆಯಾವ ಒಬ್ಬ, ಇವನ್ನ ನಾ ಬಲ್ಲೆ, ಇವನ ಕೈಲೆ ಇಂಥಾ ಪುಸ್ತಕ ಬರಿಯಾಕ ಆಗೂದಿಲ್ಲ ಅಂತ ಪೇಪರಿಗೆ ಬರದಿದ್ದ. ಡಗ್ಲಸ್ ಅವಗ ಥ್ಯಾಂಕ್ಸ್ ಹೇಳಿದ್ರು, ಯಾಕಂದ್ರ ಇವರು ಗುಲಾಮ ಆಗಿದ್ದು ಖರೆ ಅಂತ ವಿರೋಧಿನ ಸಾಕ್ಷಿ ಕೊಟ್ಟಂಗಾತು!

ಆ ಪುಸ್ತಕದಾಗ ಹೇಳದ ಬಿಟ್ಟಿದ್ದನ್ನೂ ಹುಡುಗರಿಗೆ ತೋರಿಸ್ರಿ. 1838ರಾಗ ಬಾಲ್ಟಿಮೋರಿಂದ ಹೆಂಗ ಪಾರಾದ್ರು ಅನ್ನೂದನ್ನ ಬೇಕಂತಲೇ ಹೇಳಿಲ್ಲ, ಹೇಳಿದ್ರ ಸಹಾಯ ಮಾಡಿದವ್ರು ಸಿಕ್ಕೊಂತಿದ್ರು, ಹಿಂದ ಉಳದವ್ರ ದಾರಿನೂ ಬಂದ್ ಆಗ್ತಿತ್ತು. ನಾವಿಕರ ವೇಷ ಹಾಕ್ಕೊಂಡು, ಗುಲಾಮ ಅಲ್ಲ ಅಂತ ತೋರಿಸೂ ಬ್ಯಾರೆಯವರ ಕಾಗದ ಇಸ್ಕೊಂಡು ರೈಲು ಹತ್ತಿದ್ದನ್ನ 1881ರ ಆತ್ಮಕಥಿಯೊಳಗ ಬಿಡಿಸಿ ಹೇಳ್ಯಾರ, ಅಷ್ಟೊತ್ತಿಗೆ ಗುಲಾಮಗಿರಿ ಹೋಗಿ ವರ್ಷಗಟ್ಲೆ ಆಗಿತ್ತು.

ಬರೇ ಗಂಡಸರದ್ದಷ್ಟ ಓದಸಬ್ಯಾಡ್ರಿ. ಗುಲಾಮರಾಗಿದ್ದ ಹ್ಯಾರಿಯೆಟ್ ಜೇಕಬ್ಸ್ 1861ರಾಗ ಲಿಂಡಾ ಬ್ರೆಂಟ್ ಅನ್ನೂ ಹೆಸರಿಟ್ಕೊಂಡು ತಮ್ಮ ಕಥಿ ಬರದ್ರು. ಮಾಲಕನ ಕಾಟ ತಾಳಲಾರದ ಅಜ್ಜಿ ಮನಿ ಅಟ್ಟದಾಗ, ನೆಟ್ಟಗ ನಿಂದ್ರಾಕೂ ಬರದ ಜಾಗದಾಗ, ಹತ್ತತ್ರ 7 ವರ್ಷ ಅಡಗಿ ಕುಂತು ಸಣ್ಣ ತೂತಿನ್ಯಾಗಿಂದ ತಮ್ಮ ಮಕ್ಕಳನ್ನ ನೋಡ್ತಿದ್ರು. ಇದನ್ನ ಭಾಳ ಮಂದಿ ಕಾದಂಬರಿ ಅಂತನ ತಿಳದಿದ್ರು, 1980ರ ದಶಕದಾಗ ಜೀನ್ ಫೇಗನ್ ಯೆಲಿನ್ ಅನ್ನೂ ಸಂಶೋಧಕಿ ಹಳೇ ಪತ್ರ, ದಾಖಲೆ ಹುಡುಕಿ ಖರೆ ಅಂತ ತೋರಿಸಿದ್ರು. ಆ ಹೆಣ್ಮಗಳ ಮಾತು ನಂಬಾಕ ಅಷ್ಟು ಕಾಲ ಬೇಕಾತು ಅನ್ನೂದು ನನಗ ಈಗೂ ಸಂಕಟ ಆಗ್ತೈತಿ.

ನಿಮ್ಮ ಸಹೋದ್ಯೋಗಿಗೆ ಒಂದು ಕೇಳ್ರಿ, ಮಾಲಕರ ಲೆಕ್ಕದ ಪುಸ್ತಕಕ್ಕ ಉದ್ದೇಶ ಇರ್ಲಿಲ್ಲೇನು? ಮಾಲಕ ಸತ್ತಾಗ ಗಂಡಸರು ಹೆಂಗಸರು ಕುದುರಿ ಕುರಿ ಹಂದಿ ಎಲ್ಲಾನೂ ಒಂದ ಸಾಲಿನ್ಯಾಗ ನಿಂದ್ರಿಸಿ ರೇಟ್ ಕಟ್ಟಿದ್ದನ್ನ ಡಗ್ಲಸ್ ಬರದಾರ. ಲೆಕ್ಕದಾಗ ರೇಟ್ ಸಿಗ್ತೈತಿ, ಆ ಸಾಲಿನ್ಯಾಗ ನಿಂತಾವರ ಎದಿ ಏನಾಗಿತ್ತು ಅನ್ನೂದು ಆತ್ಮಕಥಿಯೊಳಗಷ್ಟ ಸಿಗ್ತೈತಿ. ಎರಡನ್ನೂ ಜೋಡಿಸಿ ಓದಸ್ರಿ.

ಪ್ರಶ್ನೆ: ನಮ್ಮ ಕಡೆ ಜೀತ ಇದ್ದ ಹಿರಿಯರನ್ನ ಮಾತಾಡಿಸಿ ರೆಕಾರ್ಡ್ ಮಾಡಬೇಕಂತ ಮಾಡೇನಿ. ಏನ್ ನೆನಪಿಡಬೇಕ್ರಿ?
– ಎಂ.ಎ. ವಿದ್ಯಾರ್ಥಿ, ಇಂಡಿ

ಉತ್ತರ: ಲಗೂನ ಶುರು ಮಾಡಪಾ, ಜೀತ ತಗದ ಕಾನೂನು ಬಂದಿದ್ದು 1976ರಾಗ, ಆವಾಗ ದುಡದವ್ರು ಈಗ ಭಾಳ ವಯಸ್ಸಾದವ್ರು. ಜೀತ ಮತ್ತ ಅಮೆರಿಕಾದ ಗುಲಾಮಗಿರಿ ಒಂದ ಅಲ್ಲ, ಅಲ್ಲಿ ಮನುಷ್ಯಾನ್ನ ಆಸ್ತಿ ಅಂತ ಕಾನೂನ ಹೇಳ್ತಿತ್ತು, ಇಲ್ಲಿ ಸಾಲದ ಹೆಸರಿನ್ಯಾಗ ಕಟ್ಟಿಹಾಕ್ತಿದ್ರು, ಅಪ್ಪನ ಸಾಲ ಮಗನ ತಲಿಗೆ ಬರ್ತಿತ್ತು. 1936ರಿಂದ 1938ರ ತನಕ ಅಮೆರಿಕಾ ಸರ್ಕಾರ ಗುಲಾಮರಾಗಿದ್ದ 2,300ಕ್ಕೂ ಹೆಚ್ಚು ಮುದುಕರನ್ನ ಮಾತಾಡಿಸ್ತು, ಆದ್ರ ಕೇಳಾಕ ಹೋದವ್ರೊಳಗ ಬಿಳಿಯರ ಜಾಸ್ತಿ, ಅದಕ್ಕ ಎಷ್ಟೋ ಮಂದಿ ಮಾಲಕರ ಬಗ್ಗೆ ಮೆತ್ತಗ ಮಾತಾಡ್ಯಾರ. ನೀನೂ ಗೌಡ್ರ ಕಟ್ಟಿ ಮ್ಯಾಲ ಕುಂದ್ರಿಸಿ ಕೇಳಬ್ಯಾಡ, ಅವರ ಮನಿಗೇ ಹೋಗು, ಅವರು ಹೂಂ ಅಂದ್ರಷ್ಟ ರೆಕಾರ್ಡ್ ಮಾಡು, ಹೆಸರು ಬ್ಯಾಡ ಅಂದ್ರ ಬದಲಿಸು, ಯಾರ ಮುಂದ ಮಾತಾಡಿದ್ರು ಅನ್ನೂದನ್ನೂ ಬರದಿಡು.