ಬಡ ಹಳ್ಳಿ ಕುಟುಂಬಕ್ಕೆ ಹಾಲಿನ ಮೇಕೆ ಕೊಟ್ಟರೆ ನಿಜವಾಗಿ ಉಪಯೋಗ ಆಗುತ್ತಾ?

ಆಗುತ್ತದೆ. ಆದರೆ ಸುಮ್ನೆ ಮೇಕೆ ತಂದು ಬಾಗಿಲಿಗೆ ಕಟ್ಟಿ ಹೋದರೆ ಸಾಲದು. ಕೀನ್ಯಾದ ಮೇರುವಿನಲ್ಲಿ ಫಾರ್ಮ್ ಆಫ್ರಿಕಾ ಎಂಬ ನೆರವು ಸಂಸ್ಥೆ 1996ರಲ್ಲಿ ಶುರು ಮಾಡಿದ ಕೆಲಸ ನೋಡಿ. ಊರ ಮೇಕೆ ಗಟ್ಟಿ, ಹಾಲು ಮಾತ್ರ ಕಮ್ಮಿ. ಸ್ವಿಟ್ಜರ್‌ಲ್ಯಾಂಡ್ ಮೂಲದ ಟಾಗೆನ್‌ಬರ್ಗ್ ತಳಿಗೆ ಹಾಲು ಜಾಸ್ತಿ, ಆದರೆ ಅಲ್ಲಿನ ರೋಗ ತಡೆಯುವುದು ಕಷ್ಟ. ಅದಕ್ಕೇ ರೈತರ ಗುಂಪುಗಳಿಗೆ ಟಾಗೆನ್‌ಬರ್ಗ್ ಹೋತ ಕೊಟ್ಟು, ಊರ ಮೇಕೆಗಳಿಗೆ ಕ್ರಾಸ್ ಮಾಡಿಸಿದರು. ನನಗೆ ತುಂಬಾ ಹಿಡಿಸಿದ್ದು ಇದೇ: ಹೊರಗಿಂದ ಬಂದದ್ದು ಕೆಲವೇ, ಮಂದೆ ಬೆಳೆದದ್ದು ಊರಲ್ಲೇ.

ಅಲ್ಲಿ ಮೇಕೆಯ ಕೊಟ್ಟಿಗೆ ನೆಲದಿಂದ ಎತ್ತರಕ್ಕಿರುತ್ತದೆ, ತಳಕ್ಕೆ ಮರದ ಪಟ್ಟಿ. ಹಿಕ್ಕೆ, ಗಂಜಲ ಸಂದಿಯಿಂದ ಕೆಳಗೆ ಬೀಳುತ್ತದೆ. ಗೊರಸು ಕೊಳೆಯುವುದಿಲ್ಲ, ಗೊಬ್ಬರವೂ ಒಂದೇ ಕಡೆ ಸಿಗುತ್ತದೆ. ಜಂತುಹುಳದ ಔಷಧಿಯಂಥ ಸಣ್ಣ ಚಿಕಿತ್ಸೆಗೆ ಊರವರಿಗೇ ತರಬೇತಿ ಕೊಟ್ಟರು.

ಮೇವು, ನೀರು, ಔಷಧಿ ಇಲ್ಲದ ಮನೆಗೆ ಮೇಕೆ ಹೊರೆಯೇ. ಮೇಕೆ ಕೊಡಿಸಲು ದುಡ್ಡು ಕೊಡುವ ಮುಂಚೆ ಈ ಮೂರೂ ಇವೆಯಾ ಅಂತ ಕೇಳಿ.